ಎಂಟು ಸಾವಿರದ ಒಳಗೆ ಎರಡನೇ ಯುಕುಲೇಲೆ: ಕಾನ್ಸರ್ಟಾ ಟೆನರಾ? ನಮ್ಮ ಮಳೆಗೆ ತಡೆಯುವಂಥದ್ದು ಯಾವುದು?

ನೀರ್ಚಾಲಿನ ಟೀಚರ್:

ನಮಸ್ಕಾರ ಎಲ್ಲರಿಗೂ. ಇಲ್ಲಿ ಗಿಟಾರು ಕೀಬೋರ್ಡಿನವರೇ ಜಾಸ್ತಿ, ಯುಕುಲೇಲೆ, ಅಂದ್ರೆ ಆ ನಾಲ್ಕು ತಂತಿಯ ಪುಟ್ಟ ಗಿಟಾರಿನಂಥದ್ದು, ಹಿಡಿದವರು ಎಷ್ಟು ಮಂದಿ ಉಂಟೋ ಗೊತ್ತಿಲ್ಲ, ಆದ್ರೂ ಕೇಳಿ ನೋಡುವಾ ಅಂತ.

ನಾನು ಬದಿಯಡ್ಕ ಕಡೆಯ ಒಂದು ಕನ್ನಡ ಮೀಡಿಯಂ ಎಲ್.ಪಿ. (ಲೋವರ್ ಪ್ರೈಮರಿ) ಶಾಲೆಯಲ್ಲಿ ಟೀಚರ್. ಮೂರು ವರ್ಷದ ಹಿಂದೆ ಮಗಳಿಗೆ ಅಂತ ಆನ್‌ಲೈನಿನಲ್ಲಿ 1,800 ರೂಪಾಯಿಯ ಗುಲಾಬಿ ಬಣ್ಣದ ಸೊಪ್ರಾನೋ (ಚಿಕ್ಕ ಸೈಜಿನ ಯುಕುಲೇಲೆ, ಅದಕ್ಕಿಂತ ದೊಡ್ಡದು ಕಾನ್ಸರ್ಟ್, ಮತ್ತೆ ಟೆನರ್) ತರಿಸಿದ್ದೆ. ಅವಳು ಹದಿನೈದು ದಿನ ಕುಟ್ಟಿ ಕಪಾಟಿನ ಮೇಲೆ ಹಾಕಿದಳು, ನಾನು ಧೂಳು ಒರೆಸ್ಲಿಕ್ಕೆ ತೆಗೆದವಳು ಮತ್ತೆ ಮೇಲೆ ಇಡ್ಲೇ ಇಲ್ಲ. ಈಗ ದಿನಾ ಶಾಲೆಗೆ ತಗೊಂಡು ಹೋಗ್ತೇನೆ. ಕ್ಲಾಸಲ್ಲಿ 31 ಮಕ್ಕಳು, ಒಬ್ಬನ ಮನೆಯಲ್ಲಿ ತುಳು, ಒಬ್ಬಳ ಮನೆಯಲ್ಲಿ ಮಲಯಾಳ, ಇನ್ನೊಬ್ಬನದ್ದು ಬ್ಯಾರಿ, ಮತ್ತೊಬ್ಬಳದ್ದು ಮರಾಠಿ, ಸುಮ್ಮನೆ ಪಾಠ ಓದಿ ಹೇಳಿದ್ರೆ ಕಿಟಕಿ ಹೊರಗೆ ನೋಡ್ತಾರೆ, ಅದನ್ನೇ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಾಕಿ ಪದ್ಯ ಮಾಡಿದ್ರೆ ಎಲ್ಲ ಒಟ್ಟಿಗೆ ಕನ್ನಡದಲ್ಲೇ ಬೊಬ್ಬೆ. ಹೆಡ್ ಮಾಷ್ಟ್ರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಹೋದ್ರು, ಅದು ಒಪ್ಪಿಗೆ ಅಂತ ನಾನು ಲೆಕ್ಕ ಹಾಕಿದ್ದೇನೆ.

ಈಗ ವಿಷಯ ಎಂತ ಅಂದ್ರೆ ಇದು ಶ್ರುತಿಯಲ್ಲಿ ನಿಲ್ಲುದಿಲ್ಲ. ಫೋನಿನ ಟ್ಯೂನರ್ ನೋಡಿ ಜಿ, ಸಿ, ಇ, ಎ ನಾಲ್ಕೂ ತಂತಿ ಸರಿ ಮಾಡಿದ್ರೂ ಎಫ್ ಕಾರ್ಡ್ ಹಿಡಿದ ಕೂಡ್ಲೇ ಅಪಸ್ವರ. ಬಿ ಫ್ಲ್ಯಾಟ್ ಅಂತೂ ಕೇಳ್ಬೇಡಿ, ಮೊದಲ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಎರಡು ತಂತಿ ಒಂದೇ ಬೆರಳಲ್ಲಿ ಒತ್ತುವಾಗ ಬೆರಳಲ್ಲಿ ಗೀರು ಬೀಳ್ತದೆ. ಡಿ ಕಾರ್ಡಿಗೆ 2220, ಅಂದ್ರೆ ಮೂರು ತಂತಿ ಎರಡನೇ ಫ್ರೆಟ್ಟಿನಲ್ಲಿ ಒತ್ತಿ ಒಂದು ಬಿಡುದು, ಮೂರು ಬೆರಳು ಒಂದೇ ಮನೆಗೆ ತುರುಕಬೇಕು, ಬೆಳಿಗ್ಗೆ ಎಂಟೂವರೆಯ ಕುಂಬಳೆ ಬಸ್ಸಿಗೆ ಹತ್ತಿದ ಹಾಗೆ. ಮತ್ತೆ ಹಿಂದಿನ ಬೆಂಚಿನ ಮಕ್ಕಳಿಗೆ ಕೇಳುದೂ ಇಲ್ಲ, ಮಳೆ ಬಂದು ಹಂಚಿನ ಮೇಲೆ ಸದ್ದಾಗುವಾಗ ನನಗೇ ಕೇಳುದಿಲ್ಲ.

ಓಣಂಗೆ ಸಿಕ್ಕಿದ ಫೆಸ್ಟಿವಲ್ ಅಲವೆನ್ಸಿಗೆ ಸ್ವಲ್ಪ ಸೇರಿಸಿ 7,000 ಇಟ್ಟಿದ್ದೇನೆ, ತೀರಾ ಆಸೆ ಆದ್ರೆ 8,000, ಅದ್ರಲ್ಲೇ ಬ್ಯಾಗು ತಂತಿ ಎಲ್ಲ ಬರ್ಬೇಕು. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ, ಒಬ್ಬ ಸಾಲಿಡ್ ಟಾಪ್ (ಎದುರಿನ ಹಲಗೆ ಅಪ್ಪಟ ಮರದ್ದು) ಇಲ್ಲದಿದ್ರೆ ತಗೊಳ್ಳಲೇ ಬೇಡಿ ಅಂತಾನೆ, ಒಬ್ಬ ಟೆನರೇ ಅಂತಾನೆ, ಒಬ್ಬ ಪಿಕಪ್ (ಸ್ಪೀಕರಿಗೆ ಸದ್ದು ಕೊಡುವ ಸಾಧನ) ಇರ್ಲಿ ಅಂತಾನೆ. ಕಾನ್ಸರ್ಟ್ ಸಾಕಾ ಟೆನರ್ ಬೇಕಾ, ಮತ್ತೆ ನಮ್ಮ ಜೂನ್ ಜುಲೈಯ ತಂಡಿಗೆ ಅಪ್ಪಟ ಮರ ತಡೀತದಾ? ಗೊತ್ತಿದ್ದವರು ಹೇಳಿ. ಅಂಗಡಿಗೆ ಅಂದ್ರೆ ಮಂಗಳೂರಿಗೇ ಹೋಗ್ಬೇಕು, ಒಂದು ಶನಿವಾರ ಹೋದ್ರೆ ಅದೇ ದಿನ ಮುಗಿಸಿ ಬರುವ ಹಾಗೆ ಹೇಳಿ.

ಕುಂಬಳೆ ಸ್ಟೇಷನ್:

ಟೀಚರೇ, ದುಡ್ಡು ಕೈಯಲ್ಲೇ ಇರ್ಲಿ, ಮೊದಲು ಆ ಗುಲಾಬಿಯನ್ನೇ ಸ್ವಲ್ಪ ಪರೀಕ್ಷೆ ಮಾಡುವಾ. ನಾನು ಗಿಟಾರ್ ರಿಪೇರಿ ಕಲಿತದ್ದು ನನ್ನದೇ ನಾಲ್ಕು ಗಿಟಾರು ಹಾಳು ಮಾಡಿ, ಆದ ಕಾರಣ ಧೈರ್ಯದಿಂದ ಹೇಳ್ತೇನೆ.

ಬಿಟ್ಟ ತಂತಿ ಸರಿ, ಮೊದಲ ಫ್ರೆಟ್ ಒತ್ತಿದ್ರೆ ಅಪಸ್ವರ, ಬೆರಳು ನೋವು, ಈ ಮೂರೂ ಒಟ್ಟಿಗೆ ಇದ್ದರೆ ನೂರಕ್ಕೆ ತೊಂಬತ್ತು ಅದು ನಟ್ಟಿನ ಕತೆ. ತಲೆ ಹತ್ತಿರ ನಾಲ್ಕು ಗೀರು ಇರುವ ಬಿಳಿ ಪಟ್ಟಿ ಉಂಟಲ್ಲ, ಅದು. ಅಗ್ಗದ ಯುಕುಲೇಲೆಯಲ್ಲಿ ಆ ಗೀರು ಆಳ ಮಾಡುದಿಲ್ಲ, ಯಾಕೆಂದ್ರೆ ಆಳ ಜಾಸ್ತಿಯಾಗಿ ತಂತಿ ಝರ್ ಅಂತ ಹೊಡೆದುಕೊಂಡ್ರೆ ಗಿರಾಕಿ ವಾಪಸ್ ಕಳಿಸ್ತಾನೆ, ಎತ್ತರ ಬಿಟ್ರೆ ಬೆರಳು ನೋವಾದ್ರೂ ಗಿರಾಕಿ ನನಗೇ ಬರುದಿಲ್ಲ ಅಂತ ಸುಮ್ಮನೆ ಕೂರ್ತಾನೆ. ತಂತಿ ಎತ್ತರದಲ್ಲಿದ್ರೆ ಫ್ರೆಟ್ಟಿಗೆ ಮುಟ್ಟಿಸ್ಲಿಕ್ಕೆ ಜಾಸ್ತಿ ಬಗ್ಗಿಸ್ಬೇಕು, ಬಗ್ಗಿಸಿದಷ್ಟು ಬಿಗಿ ಜಾಸ್ತಿ, ಬಿಗಿ ಜಾಸ್ತಿ ಆದ್ರೆ ಸ್ವರ ಮೇಲೆ ಹೋಗ್ತದೆ. ಸೊಪ್ರಾನೋದಲ್ಲಿ ತಂತಿಯ ಉದ್ದ ಬರೀ 13 ಇಂಚಿನ ಹತ್ತಿರ, ಗಿಟಾರಿನದ್ದು 25ರ ಹತ್ತಿರ, ಆದ ಕಾರಣ ಅಷ್ಟೇ ತಪ್ಪು ಇಲ್ಲಿ ಜೋರಾಗಿ ಕೇಳ್ತದೆ.

ಪರೀಕ್ಷೆ ಹೇಗೆ ಅಂದ್ರೆ, ಮೂರನೇ ಫ್ರೆಟ್ಟಿನ ಹಿಂದೆ ತಂತಿ ಒತ್ತಿ ಹಿಡಿಯಿರಿ, ಆಗ ಮೊದಲ ಫ್ರೆಟ್ಟಿಗೂ ತಂತಿಗೂ ನಡುವೆ ಒಂದು ಕಾಗದ ನುಸುಳುವಷ್ಟು ಮಾತ್ರ ಸಂದು ಇರ್ಬೇಕು. ಅಲ್ಲಿ ಎಟಿಎಂ ಕಾರ್ಡ್ ಹೋಗ್ತದೆ ಅಂತಾದ್ರೆ ಕಳ್ಳ ಸಿಕ್ಕಿದ. ಇನ್ನೊಂದು, ಹನ್ನೆರಡನೇ ಫ್ರೆಟ್. ಅಲ್ಲಿ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿ, ಗಂಟೆಯ ಹಾಗೆ ಒಂದು ಸ್ವರ ಬರ್ತದೆ, ಮತ್ತೆ ಅಲ್ಲೇ ಒತ್ತಿ ಮೀಟಿ. ಎರಡೂ ಟ್ಯೂನರಿನಲ್ಲಿ ಒಂದೇ ತೋರಿಸ್ಬೇಕು. ಒತ್ತಿದ್ದು ಸ್ವಲ್ಪ ಮೇಲಿದ್ರೆ ಕೆಳಗಿನ ಸ್ಯಾಡಲ್ (ತಂತಿ ಕೂರುವ ಸಣ್ಣ ಪಟ್ಟಿ) ಎತ್ತರ ಆಗಿದೆ, ಅದನ್ನು ಉಜ್ಜಿ ಇಳಿಸ್ಬಹುದು, ತುಂಬಾ ಮೇಲಿದ್ರೆ ಆ ಪಟ್ಟಿ ಕೂರುವ ಬ್ರಿಡ್ಜೇ ತಪ್ಪು ಜಾಗಕ್ಕೆ ಅಂಟಿದೆ, ಅದಕ್ಕೆ ಮದ್ದಿಲ್ಲ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎರಡೂವರೆಯಿಂದ ಮೂರು ಮಿ.ಮೀ. ಇದ್ರೆ ಆರಾಮ. ಒಂದು ಮಿ.ಮೀ. ಇಳಿಸ್ಬೇಕಾದ್ರೆ ಸ್ಯಾಡಲಿನ ಅಡಿಯಿಂದ ಎರಡು ಉಜ್ಜಬೇಕು, ಇದು ನೆನಪಿರ್ಲಿ, ನಾನು ಮೊದಲ ಸಲ ಲೆಕ್ಕ ತಿರುಗಿಸಿ ಹಾಕಿದ್ದೆ.

ಮತ್ತೆ ತಂತಿ ಯಾವಾಗ ಬದಲಿಸಿದ್ದು? ಮೂರು ವರ್ಷದಿಂದ ಅದೇ ಅಂತ ಮಾತ್ರ ಹೇಳ್ಬೇಡಿ.

ಅಡಿಕೆ ಸುಲಿಯುವವ:

ಟೀಚರ್, ಎಂಟು ಸಾವಿರಕ್ಕೆ ಒಳ್ಳೆ ಕೀಬೋರ್ಡೇ ಬರ್ತದಲ್ಲ, ಈ ಆಟದ ಸಾಮಾನು ಎಂತಕ್ಕೆ?

ನೀರ್ಚಾಲಿನ ಟೀಚರ್:

ಅಣ್ಣ, ಕೀಬೋರ್ಡ್ ಹೆಗಲಿಗೆ ಹಾಕಿ ಎರಡು ಬಸ್ ಬದಲಿಸಿ ಶಾಲೆಗೆ ನೀವು ಒಮ್ಮೆ ಹೋಗಿ ತೋರ್ಸಿ, ಮತ್ತೆ ಮಾತಾಡುವಾ.

ಸ್ಟೇಷನ್ ಅಣ್ಣ, ಮೂರು ವರ್ಷದಿಂದ ಅದೇ ತಂತಿ. ತಂತಿ ಬದಲಿಸ್ಬೇಕು ಅಂತಲೇ ನನಗೆ ಗೊತ್ತಿರ್ಲಿಲ್ಲ, ತುಂಡಾದ್ರೆ ಮಾತ್ರ ಅಂತ ಗ್ರಹಿಸಿದ್ದೆ. ಪರೀಕ್ಷೆ ರಾತ್ರಿ ಮಾಡ್ತೇನೆ.

ಉಪ್ಪಳ ಟು ದುಬೈ:

ನಾನು ಇದ್ರಲ್ಲಿ ಸ್ವಲ್ಪ ಹುಚ್ಚ, ಆದ ಕಾರಣ ಉದ್ದ ಆಗ್ತದೆ, ಬೈಬೇಡಿ.

ಸೈಜು ಮೊದಲು. ಸೊಪ್ರಾನೋ ಒಟ್ಟು 21 ಇಂಚು, ಕಾನ್ಸರ್ಟ್ 23, ಟೆನರ್ 26, ಅದರ ಮೇಲೆ ಬ್ಯಾರಿಟೋನ್, ಅದರ ತಂತಿಯೇ ಬೇರೆ, ಡಿ ಜಿ ಬಿ ಇ, ಅಂದ್ರೆ ಗಿಟಾರಿನ ಕೆಳಗಿನ ನಾಲ್ಕು, ನಿಮಗೆ ಬೇಡ. ಮೀಟುವ ತಂತಿಯ ಉದ್ದ ಕಾನ್ಸರ್ಟಿಗೆ 15 ಇಂಚು, ಟೆನರಿಗೆ 17. ಮೊದಲ ಮೂರಕ್ಕೂ ಒಂದೇ ಟ್ಯೂನಿಂಗ್, ಕಲಿತ ಕಾರ್ಡ್ ಯಾವುದೂ ಬದಲಾಗುದಿಲ್ಲ. ನನ್ನ ಮಟ್ಟಿಗೆ ಟೆನರೇ ರಾಜ, ಸದ್ದು ದುಂಡಗೆ, ಜೋರು, ಬೆರಳಿಗೆ ಜಾಗ. ನನ್ನದು ಸಾಲಿಡ್ ಟಾಪ್ ಟೆನರ್, ಒಮ್ಮೆ ಅದನ್ನು ಹಿಡಿದವ ಪ್ಲೈವುಡ್ ಮುಟ್ಲಿಕ್ಕಿಲ್ಲ, ಟೀಚರ್, ಸ್ವಲ್ಪ ಸಮಯ ಕಾದು 15,000 ಮಾಡಿ ಅಪ್ಪಟ ಮರದ್ದೇ ತಗೊಳ್ಳಿ ಅಂತ ನನ್ನ ಸಲಹೆ. ಎರಡು ಸಲ ಖರ್ಚು ಮಾಡುದಕ್ಕಿಂತ ಒಂದು ಸಲ.

ಅಷ್ಟು ಬೇಡ ಅಂತಾದ್ರೆ ಕಾಲಾ ಕೆಎ-15 ಅಂತ ಒಂದು ಸೀರೀಸ್ ಉಂಟು, ಲ್ಯಾಮಿನೇಟ್ (ತೆಳು ಪದರ ಅಂಟಿಸಿದ, ಪ್ಲೈವುಡ್ ತರದ) ಮಹೋಗನಿ, ಪಾಲಿಶ್ ಹೊಳಪಿಲ್ಲದ್ದು, ಕೊನೆಗೆ ಸಿ ಅಂತ ಇದ್ರೆ ಕಾನ್ಸರ್ಟ್, ಟಿ ಅಂತ ಇದ್ರೆ ಟೆನರ್. ಕಾಲಾ ಅಮೆರಿಕದ ಕಂಪೆನಿ, ತಯಾರಾಗುದು ಚೀನಾದಲ್ಲಿ, ಅದ್ರಲ್ಲಿ ಅವಮಾನ ಎಂತದೂ ಇಲ್ಲ, ಈ ರೇಟಿನದ್ದು ಹೆಚ್ಚಿನವು ಅಲ್ಲಿಂದಲೇ. ಎನ್ಯಾ ಅಂತ ಒಂದು ಉಂಟು, ಅವರ ನೋವಾ ಮರವೇ ಅಲ್ಲ, ಕಾರ್ಬನ್ ಫೈಬರ್ ಸೇರಿಸಿದ ಪ್ಲಾಸ್ಟಿಕ್, ಮಳೆಯಲ್ಲಿ ನೆನೆದ್ರೂ ಒರೆಸಿ ಬಾರಿಸ್ಬಹುದು. ಸ್ಲೊವೇನಿಯಾದ ಫ್ಲೈಟ್ ಅನ್ನುವ ಯುಕುಲೇಲೆ ಕಂಪೆನಿಯ ಟ್ರಾವೆಲ್ ಮಾಡೆಲ್ ಟಿಯುಎಸ್-35, ಹಿಂದೆ ಪ್ಲಾಸ್ಟಿಕ್ ಎದುರು ಮರ, ಮಕ್ಕಳ ಕೈಗೆ ಕೊಡ್ಲಿಕ್ಕೆ ಭಾರೀ ಒಳ್ಳೆದು, ಆದ್ರೆ ಅದೂ ಸೊಪ್ರಾನೋನೇ. ನಮ್ಮ ದೇಶದ ಬ್ರಾಂಡಿನಲ್ಲಿ ಕೇಡೆನ್ಸ್, ವಾಲ್ಟ್ ನೋಡ್ಬಹುದು. ರೇಟು ದಿನಾ ಮೇಲೆ ಕೆಳಗೆ ಆಗ್ತದೆ, ನಾನು ಇಲ್ಲಿ ಬರೆದು ನೀವು ಅಂಗಡಿಯಲ್ಲಿ ಜಗಳ ಮಾಡುದು ಬೇಡ.

ಪಿಕಪ್ ಬಗ್ಗೆ ಒಂದೇ ಮಾತು: ಈ ಬಜೆಟಿಗೆ ಬೇಡ. ಆ ದುಡ್ಡು ವಾದ್ಯದ ಮೈಯಿಂದ ಕಡಿಮೆ ಮಾಡಿರ್ತಾರೆ.

ಮದ್ದಳೆ ಮುಳ್ಳೇರಿಯ:

ಯುಕುಲೇಲೆ ನಾನು ಮುಟ್ಟಿದವನಲ್ಲ, ಮನೆಯಲ್ಲಿ ಮೊಮ್ಮಗನದ್ದು ಒಂದು ಉಂಟು. ಆದ್ರೆ ಮರ ಮತ್ತು ಮಳೆ ಅಂದ ಕಾರಣ ಬಾಯಿ ಹಾಕ್ತಾ ಇದ್ದೇನೆ, ನಲುವತ್ತು ವರ್ಷ ಮದ್ದಳೆ ಹೊತ್ತವ.

ಉಪ್ಪಳದ ತಮ್ಮಾ, ನೀನು ಹೇಳುದು ದುಬೈಗೆ ಸರಿ ಇರ್ಬಹುದು. ಇಲ್ಲಿ ಜೂನಿನಿಂದ ಸಪ್ಟೆಂಬರ್ ವರೆಗೆ ಪಾತ್ರೆಯಲ್ಲಿಟ್ಟ ಹಪ್ಪಳ ಮೆತ್ತಗಾಗುವ ಊರು ಇದು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಹತ್ತಿರ ಮಳೆ ಬೀಳ್ತದೆ. ಪತ್ತನಾಜೆಗೆ (ಮಳೆಗಾಲದ ಮುಂಚೆ ಆಟ ಮುಗಿಸುವ ದಿನ) ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಮದ್ದಳೆಗೂ ರಜೆ, ಆದ್ರೆ ಮಳೆಗಾಲದ ತಾಳಮದ್ದಳೆಗೆ ತೆಗೆದ್ರೆ ಮುಚ್ಚಿಗೆ ತಂಡಿ ಹಿಡಿದು ಶ್ರುತಿ ಇಳಿದಿರ್ತದೆ, ಬಿಗಿ ಮಾಡಿ ಮಾಡಿ ಕೈ ಸೋಲ್ತದೆ. ಚರ್ಮ ಹಾಗೆ ಮಾಡುವಾಗ ಮರ ಸುಮ್ಮನೆ ಕೂರ್ತದಾ? ನಮ್ಮದು ಹಲಸಿನ ದಿಮ್ಮಿ ಕೊರೆದದ್ದು, ಬೆರಳು ದಪ್ಪ ಮರ, ತಡಕೊಳ್ತದೆ. ನಿಮ್ಮ ಯುಕುಲೇಲೆಯ ಎದುರಿನ ಹಲಗೆ ಎರಡು ಮಿ.ಮೀ. ಆಚೀಚೆ. ಅಪ್ಪಟ ಹಲಗೆ ನೀರು ಕುಡಿದ್ರೆ ನಾರಿಗೆ ಅಡ್ಡಡ್ಡ ಉಬ್ಬುದು, ಹೊಟ್ಟೆ ಮುಂದೆ ಬರ್ತದೆ, ಹೊಟ್ಟೆ ಬಂದ್ರೆ ಬ್ರಿಡ್ಜ್ ಏಳ್ತದೆ, ತಂತಿ ಎತ್ತರ ಆಗ್ತದೆ, ಮತ್ತೆ ಟೀಚರಿಗೆ ಅದೇ ಬೆರಳು ನೋವು. ಲ್ಯಾಮಿನೇಟಿನಲ್ಲಿ ತೆಳು ಪದರಗಳನ್ನು ನಾರು ಅಡ್ಡ ಉದ್ದ ಮಾಡಿ ಅಂಟಿಸಿರ್ತಾರೆ, ಒಂದು ಉಬ್ಬಲು ಹೊರಟ್ರೆ ಇನ್ನೊಂದು ಬಿಡುದಿಲ್ಲ. ಸ್ವರದಲ್ಲಿ ಸ್ವಲ್ಪ ಸಪ್ಪೆ ಇರ್ಬಹುದು, ಅಪ್ಪಟ ಮರ ಬಾರಿಸಿ ಬಾರಿಸಿ ಬಿಚ್ಚಿಕೊಳ್ತದೆ ಅಂತಾರೆ, ಒಪ್ಪುವಾ. ಆದ್ರೆ ಹಂಚಿನ ಮಾಡಿನ ಶಾಲೆಗೆ, ಬಸ್ಸಿಗೆ, 31 ಮಕ್ಕಳ ಕೈಗೆ ಹೋಗುವಂಥದ್ದಕ್ಕೆ ಲ್ಯಾಮಿನೇಟೇ ಲಾಯ್ಕ.

ಮತ್ತೊಂದು ಸಂಗತಿ ಮೊಮ್ಮಗನದ್ದು ತಗೊಳ್ಳುವಾಗ ಕಲಿತದ್ದು. ಪೆಟ್ಟಿಗೆ ಮೇಲೆ ಮಹೋಗನಿ ಅಂತ ಇದ್ರೆ ಅದು ಮಹೋಗನಿ ಹಲಗೆ ಅಂತಲ್ಲ. ಸಾಲಿಡ್ ಅನ್ನುವ ಶಬ್ದ ಸ್ಪಷ್ಟವಾಗಿ ಇಲ್ಲದಿದ್ರೆ ಹೊರಗಿನ ಪದರ ಮಾತ್ರ ಮಹೋಗನಿ. ಸದ್ದು ಬರುವ ರಂಧ್ರದ ಅಂಚು ನೋಡಿದ್ರೆ ಗೊತ್ತಾಗ್ತದೆ, ಮೇಲಿನ ಗೆರೆ ಅಂಚಿನಲ್ಲೂ ಹಾಗೇ ಮುಂದುವರಿದ್ರೆ ಅಪ್ಪಟ, ಬೇರೆ ಬೇರೆ ಬಣ್ಣದ ಪದರ ಕಂಡ್ರೆ ಪ್ಲೈ. ಅಂಚಿಗೆ ಪಟ್ಟಿ ಅಂಟಿಸಿ ಮುಚ್ಚಿದ್ರೆ ಮಾತ್ರ ಅಂದಾಜು ಸಿಕ್ಕುದಿಲ್ಲ. ಕೋವಾ ಅಂತ ಬರೆದದ್ದಕ್ಕೂ ಅದೇ ಲೆಕ್ಕ, ಅದು ಹವಾಯಿಯಲ್ಲಿ ಮಾತ್ರ ಬೆಳೆಯುವ ಅಕೇಶಿಯ ಜಾತಿಯ ಮರ, ಎಂಟು ಸಾವಿರಕ್ಕೆ ಅಪ್ಪಟ ಕೋವಾ ಕೊಡ್ಲಿಕ್ಕೆ ಅವರಿಗೂ ಸಂಸಾರ ಉಂಟಲ್ಲ.

ಇನ್ನೊಂದು ಹೇಳಿ ಬಿಡ್ತೇನೆ. ಸಿ ತಂತಿ ಅಂದ್ರೆ ನಮ್ಮ ಹಾರ್ಮೋನಿಯಂ ಲೆಕ್ಕದ ಬಿಳಿ ಒಂದು. ಅದನ್ನು ಷಡ್ಜ ಅಂತ ಇಟ್ರೆ ಜಿ ಸಿ ಇ ಎ ಅಂದ್ರೆ ಪ ಸ ಗ ಧ. ನಾಲ್ಕೂ ತಂತಿ ಬಿಟ್ಟು ಮೀಟಿದ್ರೆ ಮೋಹನ ರಾಗದಲ್ಲಿ ರಿಷಭ ಒಂದು ಬಿಟ್ಟು ಎಲ್ಲ ಬಂತು, ರಿಷಭ ಸಿ ತಂತಿಯ ಎರಡನೇ ಮನೆಯಲ್ಲಿ ಉಂಟು. ಮೊಮ್ಮಗನಿಗೆ ಇದನ್ನು ಹೇಳಿದ ಮೇಲೆ ಅವ ನನ್ನ ಹತ್ತಿರ ಸ್ವಲ್ಪ ಮರ್ಯಾದೆಯಲ್ಲಿ ಮಾತಾಡ್ತಾನೆ.

ಉಪ್ಪಳ ಟು ದುಬೈ:

ಮದ್ದಳೆ ಮಾವ, ನಿಮ್ಮ ಮಾತು ತೆಗೆದು ಹಾಕ್ಲಿಕ್ಕಿಲ್ಲ. ನಿಜ ಹೇಳ್ತೇನೆ, ಹೋದ ಜುಲೈಯಲ್ಲಿ ಊರಿಗೆ ಬರುವಾಗ ಅದೇ ಟೆನರ್ ತಂದಿದ್ದೆ. ದುಬೈಯ ಎಸಿಯಲ್ಲಿ ಒಣಗಿ ಸೀಳ್ತದೆ ಅಂತ ಅಲ್ಲಿ ಬ್ಯಾಗಿನೊಳಗೆ ಒದ್ದೆ ಸ್ಪಂಜಿನ ಡಬ್ಬಿ ಇಡ್ತೇನೆ, ಇಲ್ಲಿ ಬಂದು ಮೂರನೇ ವಾರಕ್ಕೆ ತಂತಿ ಎಷ್ಟು ಮೇಲೆ ಬಂದಿತ್ತು ಅಂದ್ರೆ ಐದನೇ ಫ್ರೆಟ್ ಆಚೆ ಹೋಗ್ಲಿಕ್ಕೇ ಇಲ್ಲ. ಅಲ್ಲಿ ನೀರು ಕುಡಿಸಿ ಸಾಕಿದ್ದು, ಇಲ್ಲಿ ನೀರು ಕುಡಿದು ಕೆಟ್ಟದ್ದು. ಪುಸ್ತಕದ ಲೆಕ್ಕದಲ್ಲಿ ಅಪ್ಪಟ ಮರಕ್ಕೆ ಗಾಳಿಯ ತೇವ 45ರಿಂದ 55 ಶೇಕಡಾ ಬೇಕು, ಮನೆಯ ಮೀಟರು 88 ತೋರಿಸ್ತಾ ಇತ್ತು. ಆದ್ರೂ ಸದ್ದು ಮಾತ್ರ, ಆ ಸದ್ದು ಬೇರೆಯೇ ಮಾವ. ಸರಿ, ಶಾಲೆಗೆ ಲ್ಯಾಮಿನೇಟ್. ಸೋತೆ. ಟೆನರ್ ವಿಷಯ ಮಾತ್ರ ಬಿಡುದಿಲ್ಲ.

ನೀರ್ಚಾಲಿನ ಟೀಚರ್:

ಪರೀಕ್ಷೆ ಆಯ್ತು. ಸ್ಟೇಷನ್ ಅಣ್ಣ ಹೇಳಿದ ಸಂದಿನಲ್ಲಿ ಎಟಿಎಂ ಕಾರ್ಡ್ ಹೋಯ್ತು. ಸುಳ್ಳಲ್ಲ, ನಾಲ್ಕರಲ್ಲಿ ಮೂರು ತಂತಿಗೆ ಸಲೀಸಾಗಿ ಹೋಯ್ತು. ಇ ತಂತಿಯ ಮೊದಲ ಫ್ರೆಟ್ ಟ್ಯೂನರಿನಲ್ಲಿ ಎಫ್ ದಾಟಿ ಎಫ್ ಶಾರ್ಪ್ ಕಡೆ ಮುಖ ಮಾಡಿದೆ. ಹನ್ನೆರಡನೇ ಫ್ರೆಟ್ಟಿನಲ್ಲಿ ಸಿ ತಂತಿ ಸ್ವಲ್ಪ ಮೇಲೆ, ಉಳಿದದ್ದು ಪರವಾಗಿಲ್ಲ. ಮೂರು ವರ್ಷ ನಾನು ನನ್ನ ಕಿವಿಯನ್ನೂ ಬೆರಳನ್ನೂ ಬೈದದ್ದು, ಇದು ನೋಡಿ ಒಂದು ಪ್ಲಾಸ್ಟಿಕ್ ಪಟ್ಟಿ.

ಇದನ್ನು ಇಳಿಸುದು ಹೇಗೆ, ಮನೆಯಲ್ಲಿ ಆಗ್ತದಾ? ಮತ್ತೆ ಇನ್ನೊಂದು ಪ್ರಶ್ನೆ, ಪದ್ಯದ ಧಾಟಿ ಬಾರಿಸ್ಲಿಕ್ಕೆ ನೋಡಿದ್ರೆ ಸಿ ಗಿಂತ ಕೆಳಗೆ ಹೋಗ್ಲಿಕ್ಕೆ ಸ್ವರವೇ ಇಲ್ಲ. ಲೋ ಜಿ ಅಂತ, ಈಗಿನ ಜಿ ಗಿಂತ ಒಂದು ಸ್ಥಾಯಿ ಕೆಳಗಿನ ಒಂದು ತಂತಿ ಉಂಟಂತಲ್ಲ, ಹಾಕಿದ್ರೆ ಆಗ್ತದಾ?

ಕಸಬಾ ಕಡಲು:

ತಂತಿ ಅಂದ್ರೆ ನಾನು. ಹಗಲು ದೋಣಿ, ರಾತ್ರಿ ಯುಕುಲೇಲೆ, ಮನೆಯವಳ ಬೈಗುಳ ಎರಡೂ ಹೊತ್ತು.

ಟೀಚರಕ್ಕ, ನಿಮ್ಮ ಈಗಿನ ತಂತಿ ಸಾದಾ ನೈಲಾನ್ ಆಗಿರ್ತದೆ. ಅದು ಬಿಟ್ರೆ ಎರಡು ಜಾತಿ. ಒಂದು ಇಟಲಿಯ ಅಕ್ವಿಲಾದವರ ನೈಲ್‌ಗಟ್, ಬೆಳ್ಳಗೆ ಇರ್ತದೆ, ಹಿಂದಿನ ಕಾಲದ ಕರುಳಿನ ತಂತಿಯ ಸದ್ದಿಗೆ ಹತ್ತಿರ ಬರ್ಲಿ ಅಂತ ಮಾಡಿದ್ದು. ಇನ್ನೊಂದು ಫ್ಲೋರೋಕಾರ್ಬನ್. ಅದು ಎಂತ ಗೊತ್ತುಂಟಾ, ನಾವು ಗಾಳದ ತುದಿಗೆ ಲೀಡರ್ ಅಂತ ಕಟ್ಟುವ ತಂಗೂಸಿನ ಅದೇ ಮಾಲು! ಸಾದಾ ತಂಗೂಸು ನೈಲಾನಿನದ್ದು, ಹಗುರ. ಫ್ಲೋರೋಕಾರ್ಬನ್ ಅದರ ಒಂದೂವರೆ ಪಟ್ಟು ಭಾರ, ನೀರಿಗೆ ಹಾಕಿದ್ರೆ ಬೇಗ ಮುಳುಗ್ತದೆ, ಮೀನಿನ ಕಣ್ಣಿಗೂ ಕಾಣುದು ಕಡಿಮೆ. ಭಾರ ಇದ್ದ ಕಾರಣ ಅದೇ ಸ್ವರಕ್ಕೆ ತೆಳು ತಂತಿ ಸಾಕು, ಸದ್ದು ತೀಕ್ಷ್ಣ. ನಾನು ಎ ತಂತಿಗೆ ಅರ್ಧ ಮಿ.ಮೀ. ಹತ್ತಿರದ್ದು, ಸಿ ತಂತಿಗೆ ಮುಕ್ಕಾಲಿಗಿಂತ ಸ್ವಲ್ಪ ದಪ್ಪದ್ದು ಹಾಕಿ ನೋಡಿದ್ದೇನೆ, ಚಂದ ಆಗ್ತದೆ. ಆದ್ರೆ ಮೊದಲ ಸಲ ಸೆಟ್ಟೇ ತಗೊಳ್ಳಿ, ದಪ್ಪ ಲೆಕ್ಕ ಹಾಕಿಯೇ ಕೊಟ್ಟಿರ್ತಾರೆ. ಮತ್ತೆ ಅಂಗಡಿಯವ ತಂಗೂಸು ಅಂತ ನೈಲಾನ್ ಕೊಟ್ಟು ಕಳಿಸ್ತಾನೆ, ರೀಲಿನ ಮೇಲೆ ಬರೆದದ್ದು ಓದಿ. ಸ್ಟೀಲ್ ತಂತಿ ಮಾತ್ರ ಯಾರು ಹೇಳಿದ್ರೂ ಹಾಕ್ಬೇಡಿ, ಆ ಬಿಗಿಗೆ ಬ್ರಿಡ್ಜ್ ಕಿತ್ತು ಬರ್ತದೆ.

ಹೊಸ ತಂತಿ ಹಾಕಿದ ಮೇಲೆ ನಾಲ್ಕೈದು ದಿನ ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಇಳೀತದೆ, ಅದು ಎಳೆದು ಕೂರುವ ತನಕ ಹಾಗೇ. ಇದು ಗೊತ್ತಿಲ್ಲದೆ ನಾನು ಮೊದಲ ವಾರ ಯುಕುಲೇಲೆಯನ್ನೇ ಕಡಲಿಗೆ ಎಸೆಯುವವನಿದ್ದೆ.

ಲೋ ಜಿ ಹಾಕಿದ್ರೆ ಸಿ ಯಿಂದ ಕೆಳಗೆ ಇನ್ನೂ ಐದು ಸ್ವರಸ್ಥಾನ ಸಿಗ್ತದೆ, ಧಾಟಿ ಬಾರಿಸ್ಲಿಕ್ಕೆ ಭಾರೀ ಉಪಕಾರ. ಆದ್ರೆ ಆ ಕುಣಿಯುವ ಸದ್ದು ಹೋಗ್ತದೆ, ಮೇಲಿನ ಜಿ ಇದ್ರೇನೇ ಯುಕುಲೇಲೆ ಯುಕುಲೇಲೆಯ ಹಾಗೆ ಕೇಳುದು. ಮಕ್ಕಳ ಪದ್ಯಕ್ಕೆ ಮೇಲಿನದ್ದೇ ಇರ್ಲಿ ಅಂತ ನನ್ನ ಅಭಿಪ್ರಾಯ. ಅಂದ ಹಾಗೆ ಈ ವಾದ್ಯವನ್ನು ಹವಾಯಿಗೆ ಒಯ್ದದ್ದು ಪೋರ್ಚುಗೀಸರ ಮಡೈರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆ ಹೋದವರು, 1879ರಲ್ಲಿ ರೇವನ್ಸ್‌ಕ್ರಾಗ್ ಅನ್ನುವ ಹಡಗಿನಲ್ಲಿ. ಅವರ ಊರಿನ ಮಶೇಟ್ ಅನ್ನುವ ಚಿಕ್ಕ ವಾದ್ಯವನ್ನೇ ಅಲ್ಲಿ ಕೋವಾ ಮರದಲ್ಲಿ ಮಾಡ್ಲಿಕ್ಕೆ ಶುರು ಮಾಡಿದ್ದು. ನಮ್ಮ ಕರಾವಳಿಗೆ ಗೇರುಬೀಜ ತಂದವರೂ ಪೋರ್ಚುಗೀಸರೇ, ಆ ಲೆಕ್ಕದಲ್ಲಿ ನಮಗೂ ಇದಕ್ಕೂ ದೂರದ ನೆಂಟಸ್ತಿಕೆ.

ಕುಂಬಳೆ ಸ್ಟೇಷನ್:

ಟೀಚರೇ, ನಟ್ ಇಳಿಸುದು ಮನೆಯಲ್ಲಿ ಆಗ್ತದೆ, ಆದ್ರೆ ಅವಸರ ಮಾಡಿದ್ರೆ ಕೆಟ್ಟಿತು. ಗ್ಯಾಸ್ ವೆಲ್ಡಿಂಗಿನವರ ಹತ್ತಿರ ನೋಝಲ್ ಕ್ಲೀನ್ ಮಾಡುವ ಸಣ್ಣ ಸಣ್ಣ ಕಡ್ಡಿಗಳ ಒಂದು ಸೆಟ್ ಇರ್ತದೆ, ತಂತಿಯ ದಪ್ಪಕ್ಕೆ ಸರಿಯಾದ ಕಡ್ಡಿ ಹುಡುಕಿ, ತಂತಿ ಸಡಿಲ ಮಾಡಿ ಬದಿಗೆ ಸರಿಸಿ, ಆ ಗೀರಿನಲ್ಲಿ ನಾಲ್ಕು ಸಲ ಎಳೆದು, ಮತ್ತೆ ತಂತಿ ಕೂರಿಸಿ ನೋಡಿ, ಮತ್ತೆ ನಾಲ್ಕು ಸಲ. ಕಡ್ಡಿಯನ್ನು ತಲೆಯ ಕಡೆಗೆ ಸ್ವಲ್ಪ ಇಳಿಜಾರು ಹಿಡಿಯಿರಿ. ಅಪ್ಪಿತಪ್ಪಿ ಆಳ ಜಾಸ್ತಿಯಾಗಿ ಝರ್ ಅಂದ್ರೆ ಅಡಿಗೆ ಸೋಡಾ ಚಿಟಿಕೆ ಹಾಕಿ ಮೇಲೆ ಸೂಪರ್ ಗ್ಲೂ ಒಂದು ಹನಿ, ಕಲ್ಲಿನ ಹಾಗೆ ಗಟ್ಟಿ ಆಗ್ತದೆ, ಮತ್ತೆ ಹೊಸದಾಗಿ ಕೊರೆಯಿರಿ. ಇದು ಗುಲಾಬಿಯಲ್ಲಿ ಕಲೀರಿ, ಹೊಸತರಲ್ಲಿ ಅಲ್ಲ.

ಇಷ್ಟು ಆದ ಮೇಲೂ ಹೊಸತು ಬೇಕಾ ಅಂತ ಕೇಳಿದ್ರೆ, ಬೇಕು. ನಿಮ್ಮ ಡಿ ಕಾರ್ಡಿನ ಇಕ್ಕಟ್ಟು ನಟ್ ಉಜ್ಜಿದ್ರೆ ಹೋಗುದಿಲ್ಲ, ಅದಕ್ಕೆ ಉದ್ದವೇ ಬೇಕು. ಉಪ್ಪಳದವ ಟೆನರ್ ಅಂತಾನೆ, ನಾನು ಕಾನ್ಸರ್ಟ್ ಅಂತೇನೆ. ಮೂರು ವರ್ಷ ಸೊಪ್ರಾನೋ ಹಿಡಿದ ಕೈಗೆ ಕಾನ್ಸರ್ಟ್ ಒಂದೇ ದಿನದಲ್ಲಿ ಒಗ್ಗುತ್ತದೆ, ಬಸ್ಸಿನಲ್ಲಿ ಮಡಿಲಲ್ಲಿ ಕೂರ್ತದೆ, ನಿಂತು ಬಾರಿಸುವಾಗ ಬೆಲ್ಟ್ ಇಲ್ಲದೆಯೂ ಎದೆಗೆ ಒತ್ತಿ ಹಿಡೀಬಹುದು. ಟೆನರಿಗೆ ನಿಂತ್ರೆ ಬೆಲ್ಟ್ ಬೇಕೇ ಬೇಕು ಅಂತ ಕಾಣ್ತದೆ ನನಗೆ. ಸದ್ದು ಟೆನರಿನದ್ದು ಜೋರು, ಒಪ್ಪಿದೆ, ಆದ್ರೆ ಹಂಚಿನ ಮೇಲಿನ ಮಳೆಗೆ ಟೆನರೂ ಸೋಲ್ತದೆ.

ಅಂಗಡಿಗೆ ಹೋಗುವಾಗ ಫೋನಿನಲ್ಲಿ ಟ್ಯೂನರ್ ಇರ್ಲಿ. ಒಂದೇ ಮಾಡೆಲಿನದ್ದು ಎರಡು ಮೂರು ತೆಗೆಸಿ, ನಾಚಿಕೆ ಬೇಡ, ಅದೇ ಡಬ್ಬಿಯ ಎರಡು ಒಂದೇ ತರ ಇರುದಿಲ್ಲ. ಮೊದಲ ಫ್ರೆಟ್, ಹನ್ನೆರಡನೇ ಫ್ರೆಟ್ ನೋಡಿ. ಕತ್ತಿನ ಎರಡೂ ಅಂಚಿಗೆ ಬೆರಳು ಎಳೆದು ನೋಡಿ, ಫ್ರೆಟ್ ತುದಿ ಚುಚ್ಚಬಾರ್ದು. ತಂತಿ ಬಿಗಿ ಮಾಡುವ ಕಿವಿ ತಿರುಗಿಸಿದ್ರೆ ಜಾರದೆ ನಯವಾಗಿ ತಿರುಗ್ಬೇಕು. ಪ್ರತೀ ತಂತಿಯ ಪ್ರತೀ ಫ್ರೆಟ್ ಒಮ್ಮೆ ಮೀಟಿ, ಎಲ್ಲಾದ್ರೂ ಸತ್ತ ಸ್ವರ ಉಂಟಾ ಅಂತ. ಅಂಗಡಿಯವ ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ, ದುಡ್ಡು ನಿಮ್ಮದು. ನಾನೊಮ್ಮೆ ಆನ್‌ಲೈನಿನಲ್ಲಿ ತರಿಸಿದ್ದು ಬ್ರಿಡ್ಜಿನ ಅಡಿಯಲ್ಲಿ ಉಗುರು ಹೋಗುವಷ್ಟು ಬಿರುಕು ಬಿಟ್ಟು ಬಂದಿತ್ತು, ವಾಪಸ್ ಕಳಿಸಿ ದುಡ್ಡು ಬರುವಾಗ ನನ್ನ ಆಸಕ್ತಿಯೇ ಹೋಗಿತ್ತು.

ಅಡಿಕೆ ಸುಲಿಯುವವ:

ಕೀಬೋರ್ಡ್ ಅಂದದ್ದು ತಪ್ಪಾಯ್ತು ಟೀಚರೇ. ಇದನ್ನೆಲ್ಲ ಓದಿ ನನಗೇ ಒಂದು ಬೇಕು ಅಂತಾಗಿದೆ. ಬೆರಳು ದಪ್ಪ, ಅಡಿಕೆ ಸುಲಿದು ಸುಲಿದು ಮರಗಟ್ಟಿದೆ, ಆಗ್ತದಾ?

ಕಸಬಾ ಕಡಲು:

ಆಗ್ತದೆ ಅಣ್ಣ. ನನ್ನ ಬೆರಳು ಹಗ್ಗ ಎಳೆದ ಬೆರಳು. ಸೊಪ್ರಾನೋ ಮಾತ್ರ ಬೇಡ, ಕಾನ್ಸರ್ಟ್ ಅಥವಾ ಟೆನರ್, ನಟ್ 38 ಮಿ.ಮೀ. ಅಗಲ ಇರುವಂಥದ್ದು ನೋಡಿ, 35 ಇಕ್ಕಟ್ಟಾಗ್ತದೆ. ಮರಗಟ್ಟಿದ ಬೆರಳು ಲಾಭವೇ, ಹೊಸಬರಿಗೆ ಅದನ್ನು ಮಾಡ್ಲಿಕ್ಕೆ ಒಂದು ತಿಂಗಳು ಬೇಕು.

ನೀರ್ಚಾಲಿನ ಟೀಚರ್:

ಎರಡು ವಾರ ಆಯ್ತು, ಹೇಳದೆ ಕೂತ್ರೆ ಸರಿ ಅಲ್ಲ ಅಂತ ಬರಿತಾ ಇದ್ದೇನೆ.

ಮೊದಲು ಗುಲಾಬಿ. ವೆಲ್ಡಿಂಗ್ ಅಂಗಡಿಯವ ಕಡ್ಡಿ ಸೆಟ್ ಕೊಡುವಾಗ ಟೀಚರ್ ಇದು ಎಂತಕ್ಕೆ ಅಂತ ಮೂರು ಸಲ ಕೇಳಿದ. ಎ ತಂತಿಯ ಗೀರು ಆಳ ಮಾಡಿಯೇ ಬಿಟ್ಟೆ, ಅಡಿಗೆ ಸೋಡಾ ಮತ್ತು ಸೂಪರ್ ಗ್ಲೂ ಹಾಕಿ ಎರಡನೇ ಸಲಕ್ಕೆ ಸರಿ ಆಯ್ತು. ನೈಲ್‌ಗಟ್ ತಂತಿ ಹಾಕಿದೆ. ಎಫ್ ಕಾರ್ಡ್ ಹಿಡಿದಾಗ ಬಂದ ಸದ್ದು ಕೇಳಿ ಮಗಳು ಒಳಗಿನಿಂದ ಹೊಸತು ತಂದ್ಯಾ ಅಂತ ಕೇಳಿದ್ಳು. 1,800ರ ಅದೇ ಡಬ್ಬಿ! ಸಿ ತಂತಿ ಹನ್ನೆರಡನೇ ಫ್ರೆಟ್ಟಿನಲ್ಲಿ ಈಗಲೂ ಸ್ವಲ್ಪ ಮೇಲೆಯೇ, ಅಷ್ಟು ದೂರ ನಾನು ಹೋಗುದೂ ಇಲ್ಲ.

ಶನಿವಾರ ಬೆಳಿಗ್ಗೆ ಕುಂಬಳೆಯಿಂದ ರೈಲಿನಲ್ಲಿ ಮಂಗಳೂರು. ಎರಡು ಅಂಗಡಿ ನೋಡಿದೆ. ಮೊದಲನೆಯದ್ರಲ್ಲಿ ಮೂರೇ ಇದ್ದದ್ದು, ಗೋಡೆಯಲ್ಲಿ ನೇತು ಹಾಕಿ ತಂತಿಯಲ್ಲೇ ಧೂಳು. ಟ್ಯೂನರ್ ತೆಗೆದ ಕೂಡ್ಲೇ ಹುಡುಗ ಇದೆಲ್ಲ ಗಿಟಾರಿಗೆ ಮೇಡಂ, ಯುಕುಲೇಲೆಗೆ ಅಷ್ಟು ನೋಡ್ಲಿಕ್ಕಿಲ್ಲ ಅಂದ. ಥ್ಯಾಂಕ್ಸ್ ಹೇಳಿ ಇಳಿದೆ. ಎರಡನೆಯದ್ರಲ್ಲಿ ಹಿರಿಯರೊಬ್ಬರು ಇದ್ರು, ನಾನು ಮೂರನೇ ಫ್ರೆಟ್ ಒತ್ತಿ ಸಂದು ನೋಡುದನ್ನು ಕಂಡು ಏನೂ ಹೇಳದೆ ಒಳಗಿನಿಂದ ಇನ್ನೆರಡು ತಂದಿಟ್ರು.

ಟೆನರ್ ಹಿಡಿದೆ. ಉಪ್ಪಳದ ತಮ್ಮ, ನೀನು ಹೇಳಿದ್ದು ನಿಜ, ಸದ್ದು ಒಳ್ಳೆ ತುಂಬಿದ ಸದ್ದು, ಐದು ನಿಮಿಷ ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ. ಆದ್ರೆ ಎದ್ದು ನಿಂತು ಬಾರಿಸಿ ನೋಡಿದೆ, ನಾನು ಕ್ಲಾಸಲ್ಲಿ ಕೂರುವವಳಲ್ಲ, ತಲೆ ಕೆಳಗೆ ವಾಲ್ತದೆ, ಎಡಗೈ ಕಾರ್ಡ್ ಹಿಡಿಯುದಾ ವಾದ್ಯ ಹಿಡಿಯುದಾ ಅಂತ ಆಯ್ತು. ಅಲ್ಲೇ ಒಂದು ಸಾಲಿಡ್ ಟಾಪ್ ಕಾನ್ಸರ್ಟ್ ಕೂಡ ಇತ್ತು, 9,500. ಅದೂ ಲ್ಯಾಮಿನೇಟೂ ಕಣ್ಣು ಮುಚ್ಚಿ ಕೇಳಿದೆ, ವ್ಯತ್ಯಾಸ ಗೊತ್ತಾಗ್ತದೆ, ಇಲ್ಲ ಅಂದ್ರೆ ಸುಳ್ಳು. ಸಾಲಿಡ್‌ದು ಮೀಟಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ನಿಲ್ತದೆ. ಆದ್ರೆ ಹೊರಗೆ ಆಗ ಮಳೆ ಸುರೀತಾ ಇತ್ತು, ಮದ್ದಳೆ ಮಾವನ ಹಪ್ಪಳ ನೆನಪಾಯ್ತು.

ತಗೊಂಡದ್ದು ಲ್ಯಾಮಿನೇಟ್ ಮಹೋಗನಿ ಕಾನ್ಸರ್ಟ್, 6,300. ಎರಡು ಒಂದೇ ಮಾಡೆಲಿನದ್ದರಲ್ಲಿ ಒಂದರ ಎ ತಂತಿ ಏಳನೇ ಫ್ರೆಟ್ಟಿನಲ್ಲಿ ಸತ್ತಿತ್ತು, ಇನ್ನೊಂದು ಸರಿ. ದಪ್ಪ ಬ್ಯಾಗಿಗೆ 700. ನಟ್ ಸ್ವಲ್ಪ ಎತ್ತರವೇ ಇತ್ತು, ಆ ಹಿರಿಯರೇ ಅಲ್ಲೇ ಕೂತು ಇಳಿಸಿ ಕೊಟ್ರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೇನೆ, ಲ್ಯಾಮಿನೇಟ್ ಆದ್ರೂ ತಂತಿ ಬಿಗಿ ಮಾಡುವ ಕಿವಿಯ ಕಬ್ಬಿಣ ತುಕ್ಕು ಹಿಡಿಯುದು ಬೇಡ ಅಂತ.

ಡಿ ಕಾರ್ಡ್‌ಗೆ ಮೂರು ಬೆರಳೂ ಈಗ ಸೀಟು ಸಿಕ್ಕಿದ ಹಾಗೆ ಕೂರ್ತವೆ. ಹಿಂದಿನ ಬೆಂಚಿಗೆ ಕೇಳ್ತದೆ, ಮಳೆ ಇಲ್ಲದಿದ್ರೆ. ಮಳೆ ಬಂದ್ರೆ ಮಕ್ಕಳೇ ಬೊಬ್ಬೆ ಹೊಡೀತಾರೆ, ನಾನು ಬರೀ ಕೈ ಆಡಿಸುದು.

ಗುಲಾಬಿಯನ್ನು ಕ್ಲಾಸಿನ ಮೂಲೆಯಲ್ಲಿ ಮೊಳೆಗೆ ನೇತು ಹಾಕಿದ್ದೇನೆ, ಊಟದ ಬೆಲ್ ಆದ ಮೇಲೆ ಯಾರು ಬೇಕಾದ್ರೂ ಮುಟ್ಟಬಹುದು. ಮೂರನೇ ದಿನವೇ ಎ ತಂತಿ ತುಂಡು. ಯಾರು ಅಂತ ಕೇಳಿದ್ರೆ 31 ಮಂದಿಗೂ ಗೊತ್ತಿಲ್ಲ. ಕಸಬಾದ ಅಣ್ಣ, ಆ ಅರ್ಧ ಮಿ.ಮೀ.ಯ ಲೀಡರ್ ತಂಗೂಸು ಒಂದೆರಡು ಮೀಟರ್ ಸಿಗ್ತದಾ? ಬರುವ ವಾರ ಕಾಸರಗೋಡಿಗೆ ಮೀಟಿಂಗಿಗೆ ಬರ್ಲಿಕ್ಕುಂಟು.

ಕಸಬಾ ಕಡಲು:

ಹತ್ತು ಮೀಟರ್ ತೆಗೆದಿಡ್ತೇನೆ ಟೀಚರಕ್ಕ. 31 ಮಕ್ಕಳಿಗೆ ಎರಡು ಮೀಟರ್ ಎಲ್ಲಿಗೆ ಸಾಕು.